ಮೊದಲೇ ತಿಳಿಸುವ ಸರ್ಕಾರ

ಬೇಸಿಗೆ ಏರುತ್ತಿದ್ದಂತೆ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕಣಿವೆಯಲ್ಲಿ ಒಂದು ಬಗೆಯ ಪ್ರಕಟಣೆ ಹೊರಡಲು ಶುರುವಾಗುತ್ತದೆ. ಇಂಥ ಪಿನ್‌ಕೋಡಿನಲ್ಲಿ ಹಿಡಿದ ಸೊಳ್ಳೆಗಳಲ್ಲಿ ವೆಸ್ಟ್ ನೈಲ್ ವೈರಸ್ ಸಿಕ್ಕಿದೆ. ಇಂಥ ದಿನ ರಾತ್ರಿ ಹತ್ತರ ಸುಮಾರಿಗೆ ವಾಹನದ ಮೇಲಿನ ಯಂತ್ರದಿಂದ ಔಷಧಿ ಸಿಂಪಡಣೆ ಆರಂಭವಾಗಿ ಕೆಲವು ಗಂಟೆ ನಡೆಯುತ್ತದೆ. ಗಾಳಿ ಜೋರಾಗಿದ್ದರೆ ಮುಂದಕ್ಕೆ ಹೋಗುತ್ತದೆ. ಬಳಸುವ ಔಷಧಿ ತೀರಾ ಕಡಿಮೆ, ಯಾರೂ ಮನೆ ಬಿಟ್ಟು ಹೋಗಬೇಕಿಲ್ಲ. ಅಂಜಿಕೆ ಇದ್ದವರು ಅಷ್ಟು ಹೊತ್ತು ಕಿಟಕಿ ಮುಚ್ಚಿಕೊಂಡರಾಯಿತು. ಜೊತೆಗೆ ಯಾವ ಬೀದಿಯಿಂದ ಯಾವ ಬೀದಿಯವರೆಗೆ ಎಂಬ ನಕ್ಷೆ, ಅನುಮಾನ ಇದ್ದವರು ಕರೆ ಮಾಡಲು ಒಂದು ನಂಬರು.

ಇದನ್ನು ಹೊರಡಿಸುವುದು ವಾಷಿಂಗ್ಟನ್ ಅಲ್ಲ, ರಾಜ್ಯ ಸರ್ಕಾರವೂ ಅಲ್ಲ, ಸ್ಯಾನ್ ಹೊಸೆ ನಗರಸಭೆಯೂ ಅಲ್ಲ. ಕೌಂಟಿ. ಸೊಳ್ಳೆಗೆ ಬಲೆಯಿಡುವುದು, ಹಿಡಿದದ್ದನ್ನು ಪ್ರಯೋಗಾಲಯಕ್ಕೆ ಕಳಿಸುವುದು, ಮೋರಿ ಚರಂಡಿಗಳಲ್ಲಿ ಮರಿಗಳನ್ನು ಹುಡುಕುವುದು ಎಲ್ಲವೂ ಕೌಂಟಿಯ ಒಂದು ಚಿಕ್ಕ ವಿಭಾಗದ ಕೆಲಸ. ಬೀದಿ ಬದಿಯಲ್ಲಿ ಕಾಗೆ ಸತ್ತು ಬಿದ್ದಿದ್ದರೆ ತಿಳಿಸಿ ಎಂದು ನಿವಾಸಿಗಳನ್ನು ಕೇಳಿಕೊಳ್ಳುತ್ತಾರೆ, ಏಕೆಂದರೆ ಕಾಗೆ ಜಾತಿಯ ಹಕ್ಕಿಗಳು ಈ ವೈರಸ್ಸಿಗೆ ಬೇಗ ಬಲಿಯಾಗುತ್ತವೆ. ಮನುಷ್ಯರಿಗೆ ಜ್ವರ ಬರುವ ಮೊದಲೇ ಅವು ಸುಳಿವು ಕೊಡುತ್ತವೆ. ಹಿತ್ತಲಲ್ಲಿ ಅಲಂಕಾರದ ಕೊಳವಿದ್ದರೆ, ಈಜುಕೊಳ ಪಾಳು ಬಿದ್ದಿದ್ದರೆ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು ಬಿಡಿಗಾಸಿಲ್ಲದೆ ಕೊಡುತ್ತಾರೆ. ಬಾವಿ ತೊಟ್ಟಿಗಳಿಗೆ ಗ್ಯಾಂಬೂಸಿಯಾ, ಗಪ್ಪಿ ಬಿಡುವುದು ಕರ್ನಾಟಕದ ಮಲೇರಿಯಾ ಸಿಬ್ಬಂದಿಗೂ ಹಳೆಯ ಕೆಲಸವೇ. ಹಾಸನದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಹಿತ್ತಲ ಕೊಳದ ಪಕ್ಕ ನಿಂತು ಕೇಳಿದ್ದು ನೆನಪಿದೆ: ‘ಏನೇ ಇದು, ಸರ್ಕಾರದೋರು ಮೀನು ಪುಕ್ಕಟೆ ಕೊಡ್ತಾರಾ? ನಿಂಗೆ ಯಾರು ಹೇಳಿದ್ರು?’ ಮಗಳು ಹೇಳಿದಳು: ‘ಅವರೇ ಹೇಳಿದ್ರು ಕಣಮ್ಮ, ಪೋಸ್ಟಲ್ಲಿ ಕಾಗದ ಬಂದಿತ್ತು.’

ನಾನು ಇಲ್ಲಿ ಹಿಡಿಯಬೇಕೆಂದಿರುವುದು ಆ ಕಾಗದವನ್ನು. ಸ್ಥಳೀಯ ಸರ್ಕಾರ ಕೊಡುವ ಸೇವೆಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅದರ ಸುದ್ದಿ ಸಂಬಂಧಪಟ್ಟವರ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅದು ಬಲ್ಲವರ ಪಾಲಾಗುತ್ತದೆ. ಬಲ್ಲವರ ಪಾಲಾದದ್ದು ಆಮೇಲೆ ಹಕ್ಕಾಗಿ ಉಳಿಯುವುದಿಲ್ಲ, ಯಾರದೋ ಉಪಕಾರವಾಗುತ್ತದೆ. ಮುಂಚಿತವಾಗಿ ತಿಳಿಸುವುದೇ ಸ್ಥಳೀಯ ಸರ್ಕಾರದ ಮೊದಲ ಸೇವೆ ಎಂದು ನಾನು ನಂಬಿದ್ದೇನೆ. ಅಮೆರಿಕದ ಕೌಂಟಿಗಳು ಇದನ್ನು ಎಲ್ಲಿ ಸಾಧಿಸಿವೆ, ಎಲ್ಲಿ ಕಳೆದುಕೊಳ್ಳುತ್ತಿವೆ ಎಂದು ನೋಡಿದರೆ ಮಾತು ಸ್ಪಷ್ಟವಾಗುತ್ತದೆ.

ಅಮೆರಿಕದಲ್ಲಿ ಇಂಥ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಕೋಟಿಯಷ್ಟು ಜನ; ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ 64 ಮಂದಿ. ಲೂಸಿಯಾನಾದಲ್ಲಿ ಹೆಸರು ಬೇರೆ, ಕನೆಕ್ಟಿಕಟ್‌ನಲ್ಲಿ 1960ರಲ್ಲೇ ಕೌಂಟಿ ಸರ್ಕಾರವನ್ನು ರದ್ದು ಮಾಡಿದರು. ನಮ್ಮ ಓದುಗರಿಗೆ ಜಿಲ್ಲೆ ಎಂದರೆ ಥಟ್ಟನೆ ಅರ್ಥವಾಗಬಹುದು, ಆದರೆ ಜಿಲ್ಲಾಧಿಕಾರಿಯ ಕುರ್ಚಿ ಇಲ್ಲಿಲ್ಲ. ಸ್ಯಾಂಟಾ ಕ್ಲಾರಾ ಕೌಂಟಿಯನ್ನೇ ತೆಗೆದುಕೊಳ್ಳಿ. 1850ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವಾದಾಗ ರಚನೆಯಾದ ಮೊದಲ 27 ಕೌಂಟಿಗಳಲ್ಲಿ ಇದೂ ಒಂದು. ಹತ್ತೊಂಬತ್ತು ಲಕ್ಷಕ್ಕೂ ಮೀರಿದ ಜನ, ಹದಿನೈದು ನಗರಗಳು. ಆಡಳಿತ ಐವರು ಚುನಾಯಿತ ಸೂಪರ್‌ವೈಸರುಗಳ ಕೈಯಲ್ಲಿ. ಆಸ್ತಿಗೆ ಬೆಲೆ ಕಟ್ಟುವ ಅಸೆಸರ್, ಜೈಲು ನೋಡಿಕೊಳ್ಳುವ ಶೆರಿಫ್, ಮೊಕದ್ದಮೆ ಹೂಡುವ ಡಿಸ್ಟ್ರಿಕ್ಟ್ ಅಟಾರ್ನಿ ಇವರೂ ಜನರ ಓಟಿನಿಂದಲೇ ಬರಬೇಕು. ಜನನ ಮರಣ ಪತ್ರ, ಮದುವೆ ಲೈಸೆನ್ಸ್, ಮನೆ ಕ್ರಯಪತ್ರದ ನೋಂದಣಿ, ಮತದಾರರ ಪಟ್ಟಿ, ಬಡವರ ವೈದ್ಯಕೀಯ ನೆರವು, ಅನಾಥ ಮಕ್ಕಳ ರಕ್ಷಣೆ, ಹೋಟೆಲ್ ಅಡುಗೆಮನೆಯ ತಪಾಸಣೆ... ಹುಟ್ಟಿನಿಂದ ಸಾವಿನವರೆಗೆ ಕಾಗದ ಬೇಕಾದಾಗಲೆಲ್ಲ ಕೌಂಟಿಯ ಬಾಗಿಲು.

ಸನ್ನಿವೇಲ್, ಕ್ಯುಪರ್ಟಿನೋ, ಮಿಲ್ಪಿಟಾಸ್ ಎಂದರೆ ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಶುರುವಾದದ್ದು 1973ರಲ್ಲಿ. ಆಗಿನಿಂದ ಎರಡು ಮೂರು ತಲೆಮಾರು ಇಲ್ಲಿ ನೆಲೆಯಾಗಿದೆ. ಮನೆ ಕೊಂಡ ಕನ್ನಡಿಗರಿಗೆ ಕೌಂಟಿಯ ಮುಖ ಕಾಣುವುದು ವರ್ಷಕ್ಕೊಮ್ಮೆ, ಆಸ್ತಿ ತೆರಿಗೆ ಬಿಲ್ಲಿನಲ್ಲಿ. ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಗಡುವು. ದಾಟಿದರೆ ಶೇಕಡಾ 10 ದಂಡ. ಆ ಬಿಲ್ಲನ್ನು ಕಟ್ಟಿ ಮಡಿಚಿಡುವವರೇ ಹೆಚ್ಚು. ನಿಧಾನವಾಗಿ ಓದಿದವರಿಗೆ ಅದರಲ್ಲಿ ಊರೇ ಕಾಣುತ್ತದೆ. ಮೇಲೆ ಶೇಕಡಾ 1ರ ಮೂಲ ತೆರಿಗೆ. ಅದರ ಕೆಳಗೆ ಸಾಲು ಸಾಲಾಗಿ ಶಾಲಾ ಜಿಲ್ಲೆಯ ಕಟ್ಟಡ ಬಾಂಡ್, ಕಮ್ಯುನಿಟಿ ಕಾಲೇಜಿನ ಬಾಂಡ್, ನೆರೆ ನಿಯಂತ್ರಣ, ಮೇಲೆ ಹೇಳಿದ ಸೊಳ್ಳೆ ವಿಭಾಗದ್ದೊಂದು ಸಣ್ಣ ಮೊತ್ತ. ಒಂದೊಂದು ಸಾಲಿನ ಎದುರಿಗೂ ವಿಚಾರಿಸಲು ಒಂದು ಫೋನ್ ನಂಬರು ಅಚ್ಚಾಗಿರುತ್ತದೆ. ನಾನು ಬಹಳ ಮೆಚ್ಚುವುದು ಆ ನಂಬರುಗಳ ಸಾಲನ್ನು. ಹಣ ಕೇಳುವ ಕಾಗದದಲ್ಲೇ ಲೆಕ್ಕ ಕೇಳುವ ದಾರಿಯನ್ನೂ ತೋರಿಸಿದ್ದಾರೆ.

ಈ ಶೇಕಡಾ 1ರ ಹಿಂದೆ 1978ರ ಪ್ರೊಪೊಸಿಷನ್ 13 ಎಂಬ ಜನಮತದ ತೀರ್ಮಾನವಿದೆ. ಮನೆ ಕೈಬದಲಾಗುವವರೆಗೂ ತೆರಿಗೆಯ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ 1985ರಲ್ಲಿ ಮನೆ ಕೊಂಡ ಹಿರಿಯರಿಗೂ ಮೊನ್ನೆ ಪಕ್ಕದ ಮನೆ ಕೊಂಡ ತರುಣ ದಂಪತಿಗೂ ತೆರಿಗೆಯಲ್ಲಿ ಅಜಗಜಾಂತರ. ಇದು ನ್ಯಾಯವೇ ಎಂಬ ವಾದ ನಾಲ್ಕು ದಶಕ ಮೀರಿ ನಡೆದಿದೆ. ನನಗಂತೂ ಹೊಸಬರ ಮೇಲೆ ಹೊರೆ ಅತಿಯಾಯಿತು ಅನಿಸುತ್ತದೆ, ಆದರೆ ಆ ಜಗಳ ಇಲ್ಲಿ ಬೇಡ.

ಕೌಂಟಿಯ ನಿಜವಾದ ತೂಕ ಲೋಕಕ್ಕೆ ಗೊತ್ತಾದದ್ದು 2020ರ ಮಾರ್ಚ್ 16ರಂದು. ಸ್ಯಾಂಟಾ ಕ್ಲಾರಾ ಕೌಂಟಿಯ ಆರೋಗ್ಯಾಧಿಕಾರಿ ಡಾ. ಸಾರಾ ಕೋಡಿ ಮತ್ತು ಸುತ್ತಲಿನ ಐದು ಕೌಂಟಿಗಳ ಆರೋಗ್ಯಾಧಿಕಾರಿಗಳು ಒಟ್ಟಾಗಿ, ಮನೆಯಲ್ಲೇ ಇರಿ ಎಂಬ ಆದೇಶ ಹೊರಡಿಸಿದರು. ಅರವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅನ್ವಯಿಸಿದ, ಅಮೆರಿಕದಲ್ಲೇ ಮೊದಲನೆಯದಾದ ಆದೇಶ. ರಾಜ್ಯದ ಆದೇಶ ಬಂದದ್ದು ಮೂರು ದಿನದ ಮೇಲೆ. ಗವರ್ನರನ್ನಾಗಲಿ ಅಧ್ಯಕ್ಷರನ್ನಾಗಲಿ ಕೇಳಬೇಕಾಗಿರಲಿಲ್ಲ. ಸಾಂಕ್ರಾಮಿಕ ರೋಗ ತಡೆಯುವ ಅಧಿಕಾರವನ್ನು ಕ್ಯಾಲಿಫೋರ್ನಿಯಾದ ಕಾನೂನು ಕೌಂಟಿಯ ಆರೋಗ್ಯಾಧಿಕಾರಿಗೇ ಕೊಟ್ಟಿದೆ. ಆ ದಿನಗಳಲ್ಲಿ ಕೌಂಟಿ ಮಾಡಿದ ಕೆಲಸದ ಬಹುಪಾಲು ತಿಳಿಸುವ ಕೆಲಸವೇ ಆಗಿತ್ತು. ಆದೇಶ ಎಲ್ಲರೂ ಓದುವಂತೆ ಸಿಕ್ಕಿತು. ಕಿರಾಣಿ ಅಂಗಡಿ ತೆರೆದಿರುತ್ತದೆಯೇ, ವಾಕಿಂಗ್ ಹೋಗಬಹುದೇ, ಕೆಲಸದಾಕೆ ಬರಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಬರಹದಲ್ಲಿ ಉತ್ತರ. ದಿನದಿನದ ಅಂಕಿಸಂಖ್ಯೆ. ಸೋಂಕು ಹೆಚ್ಚಾಗಿ ಕಾಡಿದ್ದು ಪೂರ್ವ ಸ್ಯಾನ್ ಹೊಸೆಯ ಸ್ಪ್ಯಾನಿಷ್, ವಿಯೆಟ್ನಾಮೀಸ್ ಮಾತಾಡುವ ದುಡಿಯುವ ಜನರನ್ನು. ಅವರ ಭಾಷೆಯಲ್ಲಿ ಅವರ ಕೇರಿಗೆ ಸುದ್ದಿ ಮುಟ್ಟಿಸುವುದೇ ದೊಡ್ಡ ಹೋರಾಟವಾಯಿತು. ಡಾ. ಕೋಡಿಯವರಿಗೆ ಜೀವಬೆದರಿಕೆಗಳು ಬಂದು ಪೊಲೀಸ್ ಕಾವಲು ಹಾಕಬೇಕಾಯಿತು. ಆದರೂ ಅವರು ಮಾಧ್ಯಮಗಳ ಮುಂದೆ ಬಂದು ಕೂರುವುದನ್ನು ನಿಲ್ಲಿಸಲಿಲ್ಲ.

ಆಸ್ಪತ್ರೆಗಳ ಕಥೆಯನ್ನೂ ಹೇಳಬೇಕು. ಓ ಕಾನರ್, ಸೇಂಟ್ ಲೂಯಿಸ್ ಎಂಬ ಎರಡು ಹಳೆಯ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿಯಾದಾಗ, 2019ರಲ್ಲಿ ಕೌಂಟಿ 23.5 ಕೋಟಿ ಡಾಲರ್ ಕೊಟ್ಟು ಅವನ್ನು ಕೊಂಡುಕೊಂಡಿತು. ಪೂರ್ವ ಸ್ಯಾನ್ ಹೊಸೆಯ ಇನ್ನೊಂದು ಖಾಸಗಿ ಆಸ್ಪತ್ರೆ ಹೆರಿಗೆ ವಾರ್ಡು ಮುಚ್ಚಿ, ಅಪಘಾತ ಚಿಕಿತ್ಸೆಯನ್ನೂ ಕಡಿತ ಮಾಡಿದಾಗ ಅದನ್ನೂ 2025ರ ಏಪ್ರಿಲ್‌ನಲ್ಲಿ ಕೌಂಟಿಯೇ ಕೊಂಡು ವಹಿಸಿಕೊಂಡಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡವರ ವೈದ್ಯಕೀಯ ನೆರವಿಗೆ ಕತ್ತರಿ ಹಾಕಿದ ಮೇಲೆ, ನವೆಂಬರಿನಲ್ಲಿ ಕೌಂಟಿ ಜನರ ಮುಂದೆಯೇ ಹೋಯಿತು: ಐದು ವರ್ಷದ ಮಟ್ಟಿಗೆ ಮಾರಾಟ ತೆರಿಗೆಯನ್ನು ಡಾಲರಿಗೆ ಒಂದು ಸೆಂಟಿನ ಎಂಟರಲ್ಲಿ ಐದು ಭಾಗದಷ್ಟು ಏರಿಸಲು ಒಪ್ಪುವಿರಾ ಎಂದು. ಮೆಷರ್ ಎ ಎಂಬ ಆ ಪ್ರಸ್ತಾವಕ್ಕೆ ಬಹುಮತ ಒಪ್ಪಿಗೆ ಕೊಟ್ಟಿತು. ವಿರೋಧಿಸುವವರ ವಾದವನ್ನೂ ಪರವಾದವರ ವಾದವನ್ನೂ ಒಂದೇ ಪುಸ್ತಿಕೆಯಲ್ಲಿ ಅಚ್ಚುಮಾಡಿ, ಮತದಾನಕ್ಕೆ ಮೊದಲೇ ಮತದಾರರಿಗೆ ಕಳಿಸುವುದು ಇಲ್ಲಿಯ ರೂಢಿ. ತನ್ನ ವಿರುದ್ಧದ ವಾದವನ್ನು ತಾನೇ ಖರ್ಚು ಹಾಕಿ ಮನೆಮನೆಗೆ ಮುಟ್ಟಿಸುವ ಸರ್ಕಾರವನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ಇದೆಲ್ಲ ಅಧಿಕಾರದಲ್ಲಿದ್ದವರ ಒಳ್ಳೆಯತನದಿಂದ ಬಂದದ್ದಲ್ಲ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕಲ್ ಹ್ಯಾರಿಸ್, ಕ್ಯಾಲಿಫೋರ್ನಿಯಾದ ನಗರಸಭೆ, ಕೌಂಟಿ, ಶಾಲಾ ಮಂಡಳಿಗಳು ಹೇಗೆ ಬಾಗಿಲು ಹಾಕಿಕೊಂಡು ತೀರ್ಮಾನ ಮಾಡುತ್ತವೆ ಎಂದು ಸರಣಿ ಲೇಖನ ಬರೆದರು. ಅದರ ಫಲವಾಗಿ ಮರುವರ್ಷ, ಶಾಸಕ ರಾಲ್ಫ್ ಬ್ರೌನ್ ಅವರ ಹೆಸರಿನಲ್ಲಿ ಬ್ರೌನ್ ಕಾಯ್ದೆ ಬಂತು. ಇವತ್ತಿಗೂ ಈ ರಾಜ್ಯದ ಸ್ಥಳೀಯ ಸರ್ಕಾರಗಳ ಬೆನ್ನೆಲುಬು ಅದೇ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ, ವಿಶೇಷ ಸಭೆಯದನ್ನು 24 ಗಂಟೆ ಮುಂಚೆ ಪ್ರಕಟಿಸಲೇಬೇಕು. ಸೂಚಿಯಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ಐವರು ಸೂಪರ್‌ವೈಸರುಗಳಲ್ಲಿ ಮೂವರು ಹೊರಗೆ ಕೂಡಿ ಕೌಂಟಿಯ ವಿಷಯ ಮಾತಾಡಿಕೊಂಡರೆ ಅದೂ ಕಾನೂನು ಉಲ್ಲಂಘನೆ. ಸಭೆಗೆ ಯಾರು ಬೇಕಾದರೂ ಬರಬಹುದು, ಮಾತಾಡಬಹುದು; ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಪೌರತ್ವವನ್ನೂ ಕೇಳುವುದಿಲ್ಲ.

ಸ್ಯಾನ್ ಹೊಸೆಯ ಹೆಡ್ಡಿಂಗ್ ಬೀದಿಯಲ್ಲಿರುವ ಕೌಂಟಿ ಕಚೇರಿಯಲ್ಲಿ ಮಂಗಳವಾರ ಸಭೆ ನಡೆದಾಗ ಕೂತು ನೋಡಬೇಕು. ಕಾರ್ಯಸೂಚಿ ಪುಟಗಟ್ಟಲೆ. ತಕರಾರಿಲ್ಲದ ಹತ್ತಾರು ವಿಷಯಗಳನ್ನು ಒಂದೇ ಏಟಿಗೆ ಮಂಜೂರು ಮಾಡುವ ಪದ್ಧತಿಯಿದೆ, ಕೋಟಿಗಟ್ಟಲೆ ಡಾಲರಿನ ಗುತ್ತಿಗೆಗಳೂ ಅದರಲ್ಲೇ ಹಾದುಹೋಗುತ್ತವೆ. ಮಾತಾಡುವವರು ಕಡಿಮೆಯಿದ್ದರೆ ತಲಾ ಮೂರು ನಿಮಿಷ, ಹೆಚ್ಚಿದ್ದರೆ ಎರಡು, ಇನ್ನೂ ಹೆಚ್ಚಿದ್ದರೆ ಒಂದೇ. ಜೈಲಿನಲ್ಲಿರುವ ಮಗನಿಗೆ ಮಾನಸಿಕ ಚಿಕಿತ್ಸೆ ಸಿಗುತ್ತಿಲ್ಲ ಎನ್ನುವ ತಾಯಿ, ಸಂಬಳ ಸಾಲದೆಂಬ ನರ್ಸು, ಗುಡ್ಡದ ಮೇಲೆ ಮನೆ ಕಟ್ಟಲು ಅನುಮತಿ ಕೊಡಬೇಡಿ ಎನ್ನುವ ಪರಿಸರವಾದಿ. ಸೂಚಿಯಲ್ಲಿಲ್ಲದ ವಿಷಯ ಎತ್ತಿದವರಿಗೆ ಸೂಪರ್‌ವೈಸರುಗಳು ಆಗಲೇ ಪರಿಹಾರ ಹೇಳಲಾರರು. ಅಲ್ಲಿ ನಿಂತವರಿಗೆ ಇದು ನಿರ್ದಯವಾಗಿ ಕಾಣಬಹುದು. ಆದರೆ ಅದರ ಹಿಂದಿನ ತತ್ವ ಸರಿ: ಸಭೆಯಲ್ಲಿ ಇಲ್ಲದ ಲಕ್ಷಾಂತರ ಜನರಿಗೆ ಮೊದಲು ತಿಳಿಸದೆ ಏನನ್ನೂ ನಿರ್ಧರಿಸಬಾರದು.

ಇನ್ನು ಕಳೆದುಕೊಳ್ಳುತ್ತಿರುವ ಕಥೆ. ಕಾರ್ಯಸೂಚಿ ಹಾಕಿದರಷ್ಟೇ ಸುದ್ದಿ ಆಗುವುದಿಲ್ಲ. ಆ ಪುಟಗಳನ್ನು ಕೂತು ಓದಿ, ಈ ಐವತ್ತೇಳನೆಯ ಕಲಮಿನಲ್ಲಿ ನಿಮ್ಮ ಬಸ್ಸು ನಿಲ್ಲುವ ವಿಷಯ ಅಡಗಿದೆ ಎಂದು ಹೇಳುವ ವರದಿಗಾರ ಬೇಕು. 2005ರಿಂದ ಈಚೆಗೆ ಅಮೆರಿಕದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಇನ್ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ ಸ್ಥಳೀಯ ಸುದ್ದಿಯ ಮೂಲ ಒಂದೂ ಉಳಿದಿಲ್ಲ ಎಂದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಡಿಲ್ ಪತ್ರಿಕೋದ್ಯಮ ಶಾಲೆ ಲೆಕ್ಕ ಹಾಕಿದೆ. ಇದರ ಬೆಲೆಯನ್ನು ಅರ್ಥಶಾಸ್ತ್ರಜ್ಞರು ಅಳೆದೂ ನೋಡಿದ್ದಾರೆ. ಗಾವೊ, ಲೀ, ಮರ್ಫಿ ಎಂಬ ಮೂವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಊರಿನ ಪತ್ರಿಕೆ ಮುಚ್ಚಿದ ಮೇಲೆ ಅಲ್ಲಿಯ ಸ್ಥಳೀಯ ಸರ್ಕಾರಗಳು ಸಾಲಕ್ಕೆ ಕೊಡಬೇಕಾದ ಬಡ್ಡಿ 0.05ರಿಂದ 0.11 ಶೇಕಡಾಂಶದಷ್ಟು ಏರುತ್ತದೆ. ಕೇಳಲು ಅತ್ಯಲ್ಪ. ಶಾಲೆ, ಸೇತುವೆ, ಆಸ್ಪತ್ರೆಗಾಗಿ ಮೂವತ್ತು ವರ್ಷಕ್ಕೆ ಎತ್ತುವ ಕೋಟ್ಯಂತರ ಡಾಲರ್ ಸಾಲದ ಮೇಲೆ ಅದು ದೊಡ್ಡ ಮೊತ್ತ, ತೆರುವವರು ನಿವಾಸಿಗಳು. ಕಾವಲು ಕಣ್ಣಿಲ್ಲದ ಊರಿಗೆ ಸಾಲ ಕೊಡುವವನೂ ಹೆದರುತ್ತಾನೆ.

ಹೆದರಿಕೆಗೆ ಕಾರಣವಿದೆ. ಲಾಸ್ ಏಂಜಲೀಸ್ ಕೌಂಟಿಯ ಬೆಲ್ ಎಂಬ ಬಡ ಪುಟ್ಟ ನಗರದ ಆಡಳಿತಾಧಿಕಾರಿ ವರ್ಷಕ್ಕೆ ಎಂಟು ಲಕ್ಷ ಡಾಲರಿನಷ್ಟು ಸಂಬಳ ಎಣಿಸಿಕೊಳ್ಳುತ್ತಿದ್ದದ್ದು 2010ರವರೆಗೆ ಊರಿನವರಿಗೆ ಗೊತ್ತಿರಲಿಲ್ಲ. ಲಾಸ್ ಏಂಜಲೀಸ್ ಟೈಮ್ಸ್‌ನ ಇಬ್ಬರು ವರದಿಗಾರರು ಅದನ್ನು ಬಯಲಿಗೆಳೆದರು. ಮುಂದೆ ಆ ಅಧಿಕಾರಿ ಜೈಲಿಗೆ ಹೋದ.

ಕ್ಯಾನ್ಸಸ್ ರಾಜ್ಯದ ಮೇರಿಯನ್ ಕೌಂಟಿಯದು ಇನ್ನೂ ನೋವಿನ ಕಥೆ. ಹನ್ನೆರಡು ಸಾವಿರದಷ್ಟು ಜನರ ಆ ಹಳ್ಳಿಗಾಡಿನ ಕೌಂಟಿಗೆ ಮೇರಿಯನ್ ಕೌಂಟಿ ರೆಕಾರ್ಡ್ ಎಂಬ ವಾರಪತ್ರಿಕೆ, ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದದ್ದು. 2023ರ ಆಗಸ್ಟ್ 11ರಂದು ಪೊಲೀಸರು, ಶೆರಿಫ್ ಸಿಬ್ಬಂದಿಯ ಜೊತೆ ಸೇರಿ, ಪತ್ರಿಕೆಯ ಕಚೇರಿಗೂ ಸಂಪಾದಕ ಎರಿಕ್ ಮೇಯರ್ ಅವರ ಮನೆಗೂ ನುಗ್ಗಿ ಕಂಪ್ಯೂಟರ್, ಫೋನ್‌ಗಳನ್ನು ಹೊತ್ತೊಯ್ದರು. ಮನೆಯಲ್ಲಿದ್ದವರು ಅವರ ತಾಯಿ, 98 ವರ್ಷದ ಜೋನ್ ಮೇಯರ್. ಪತ್ರಿಕೆಯ ಸಹ ಮಾಲೀಕರು. ತನ್ನ ಮನೆಯಲ್ಲಿ ಓಡಾಡುತ್ತಿದ್ದ ಪೊಲೀಸರನ್ನು ಆಕೆ ನಡೆಯಲು ಆಸರೆಯಾದ ಗಾಲಿಚೌಕಟ್ಟು ಹಿಡಿದು ನಿಂತೇ ಗದರಿಸಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಮರುದಿನ ಆಕೆ ತೀರಿಕೊಂಡರು. ಆ ವಾರದ ಸಂಚಿಕೆ ನಿಲ್ಲಲಿಲ್ಲ, ಸಿಬ್ಬಂದಿ ರಾತ್ರಿಯಿಡೀ ಕೂತು ಹೊರತಂದರು. ಶೋಧದ ವಾರೆಂಟನ್ನು ಕೌಂಟಿ ವಕೀಲರು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 2025ರ ನವೆಂಬರಿನಲ್ಲಿ ಕೌಂಟಿ 30 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಲು ಒಪ್ಪಿತು, ಶೆರಿಫ್ ಕಚೇರಿ ವಿಷಾದ ಸೂಚಿಸಿತು. ಆ ದುಡ್ಡೂ ಕೊನೆಗೆ ನಿವಾಸಿಗಳ ತೆರಿಗೆಯದೇ.

ಸಿಲಿಕಾನ್ ಕಣಿವೆಯಲ್ಲೂ ಹಳೆಯ ಪತ್ರಿಕೆಯ ಸುದ್ದಿಮನೆ ಮೊದಲಿನ ನೆರಳಿನಷ್ಟಾಗಿದೆ. ಆ ಕೊರತೆ ತುಂಬಲು 2019ರಲ್ಲಿ ಸ್ಯಾನ್ ಹೊಸೆ ಸ್ಪಾಟ್‌ಲೈಟ್ ಎಂಬ ಲಾಭರಹಿತ ಸುದ್ದಿಸಂಸ್ಥೆ ಹುಟ್ಟಿತು. ಕೌಂಟಿ ಸಭೆಗಳಲ್ಲಿ ಕೂತು ಬರೆಯುತ್ತದೆ, ಓದುಗರ ದೇಣಿಗೆಯನ್ನು ನೆಚ್ಚಿಕೊಂಡಿದೆ. ಜಗತ್ತಿನ ಸುದ್ದಿಯನ್ನೆಲ್ಲ ಅಂಗೈಗೆ ತಂದುಕೊಟ್ಟ ಕಂಪನಿಗಳ ತವರಿನಲ್ಲಿ ಸ್ವಂತ ಕೌಂಟಿಯ ಸುದ್ದಿಗೆ ದೇಣಿಗೆ ಎತ್ತಬೇಕಾಗಿ ಬಂದದ್ದು ನನ್ನನ್ನು ಕಾಡುತ್ತದೆ.

ಕರ್ನಾಟಕದ ಓದುಗರಿಗೆ ಈ ಮಾತುಗಳು ದೂರದವು ಅನಿಸಬೇಕಿಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಕಟ್ಟಿದ ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರುತ್ತಿದ್ದರು. ಚುನಾಯಿತರ ಕೈಗೆ ಜಿಲ್ಲೆಯನ್ನು ಒಪ್ಪಿಸಿದ ಆ ಏರ್ಪಾಡು ಕೌಂಟಿ ಸರ್ಕಾರಕ್ಕೆ ತೀರಾ ಹತ್ತಿರದ್ದು. ಅದೇ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಚುನಾಯಿತ ಸಭೆಯೇ ಇಲ್ಲದಾಗ ಯಾರು ಯಾರಿಗೆ ಮುಂಚಿತವಾಗಿ ತಿಳಿಸಬೇಕು?

ಇಲ್ಲಿಯ ಕನ್ನಡಿಗರ ಪಾಡು ಬೇರೆ ಬಗೆಯದು. ಕೌಂಟಿ ತನ್ನ ಚುನಾವಣಾ ಕಾಗದಗಳನ್ನು ಸ್ಪ್ಯಾನಿಷ್, ಚೀನಿ, ವಿಯೆಟ್ನಾಮೀಸ್, ತಗಾಲೊಗ್ ಭಾಷೆಗಳಲ್ಲೂ ಅಚ್ಚು ಹಾಕುತ್ತದೆ. ಇಂಗ್ಲಿಷ್ ಸರಿಯಾಗಿ ಬಾರದ, ವಯಸ್ಕ ಪೌರರು ಹತ್ತು ಸಾವಿರಕ್ಕಿಂತ ಹೆಚ್ಚಿದ್ದರೆ ಅವರ ಭಾಷೆಯಲ್ಲಿ ಕೊಡಬೇಕೆಂಬುದು ಕೇಂದ್ರ ಕಾನೂನಿನ ಒಂದು ಅಳತೆ. ನಾವು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಊರಿಂದ ಬಂದು ಮಕ್ಕಳ ಜೊತೆ ನೆಲೆಸಿದ ಅಪ್ಪ ಅಮ್ಮಂದಿರು ನಮ್ಮಲ್ಲಿ ಬಹಳ. ಅವರಿಗೆ ಸಿಗಬಹುದಾದ ನೆರವಿನ ಸುದ್ದಿ ಮಕ್ಕಳ ಬಿಡುವಿನ ಮೇಲೆ ನಿಂತಿದೆ. ಕೌಂಟಿಯ ಆಸ್ಪತ್ರೆಯಲ್ಲಿ ದುಭಾಷಿ ಬೇಕೆಂದು ಕೇಳುವುದು ಹಕ್ಕು, ಅದಕ್ಕೆ ಹಣ ಕೊಡಬೇಕಿಲ್ಲ, ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಟ್ಟೆನೋವು ವಿವರಿಸಬೇಕಿಲ್ಲ ಎಂಬುದು ಎಷ್ಟು ಮನೆಗಳಲ್ಲಿ ಗೊತ್ತು? 211ಕ್ಕೆ ಕರೆ ಮಾಡಿದರೆ ಊಟ, ಬಾಡಿಗೆ, ಮುಪ್ಪಿನವರ ಆರೈಕೆಯ ಸೇವೆಗಳ ವಿವರ ಸಿಗುತ್ತದೆ ಎಂಬುದು? ಯುಗಾದಿ, ರಾಜ್ಯೋತ್ಸವಕ್ಕೆ ಅಷ್ಟು ಚೆಂದದ ಕಾರ್ಯಕ್ರಮ ಮಾಡುವ ನಮ್ಮ ಕೂಟಗಳು ಈ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಹಂಚಿದರೆ ಎಷ್ಟೋ ಹಿರಿಯರ ಮೌನದ ಸಂಕಟ ಕಡಿಮೆಯಾದೀತು.

ಇನ್ನೊಂದು ಬಾಗಿಲು ನಮ್ಮವರ ಕಣ್ಣಿಗೆ ಬಿದ್ದೇ ಇಲ್ಲ ಅನಿಸುತ್ತದೆ, ಸಿವಿಲ್ ಗ್ರ್ಯಾಂಡ್ ಜ್ಯೂರಿ. ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯಲ್ಲೂ ವರ್ಷಕ್ಕೊಂದು ನಾಗರಿಕರ ತಂಡ ಕೂರುತ್ತದೆ. ಸ್ಯಾಂಟಾ ಕ್ಲಾರಾದಲ್ಲಿ ಹತ್ತೊಂಬತ್ತು ಮಂದಿ. ಕೊಲೆ ಕಳ್ಳತನದ ಕೇಸು ಅವರ ಕೆಲಸವಲ್ಲ. ಕೌಂಟಿ, ನಗರಸಭೆ, ಶಾಲಾ ಮಂಡಳಿ, ನೀರಿನ ಮಂಡಳಿಗಳ ಕಡತ ತರಿಸಿ ಓದುತ್ತಾರೆ, ಅಧಿಕಾರಿಗಳನ್ನು ಕರೆದು ಪ್ರಶ್ನಿಸುತ್ತಾರೆ, ಜೈಲುಗಳ ಸ್ಥಿತಿಗತಿ ವಿಚಾರಿಸುವುದು ಕಡ್ಡಾಯ. ವಿಚಾರಣೆ ಗುಟ್ಟಾಗಿ ನಡೆದರೂ ವರದಿ ಬಹಿರಂಗ. ಚುನಾಯಿತ ಅಧಿಕಾರಿ 60 ದಿನದೊಳಗೆ, ಆಡಳಿತ ಮಂಡಳಿ 90 ದಿನದೊಳಗೆ ಒಪ್ಪುತ್ತೇವೋ ಇಲ್ಲವೋ ಎಂದು ಬರಹದಲ್ಲಿ ಉತ್ತರ ಕೊಡಲೇಬೇಕು. ಪತ್ರಿಕೆಗಳು ಸೊರಗಿದ ಕಾಲದಲ್ಲಿ ಈ ವರದಿಗಳ ಬೆಲೆ ಇನ್ನೂ ಹೆಚ್ಚಿದೆ. ಪೌರರಾಗಿರಬೇಕು, ಹದಿನೆಂಟು ತುಂಬಿರಬೇಕು, ಕೌಂಟಿಯಲ್ಲಿ ಒಂದು ವರ್ಷ ವಾಸವಿರಬೇಕು, ಇಂಗ್ಲಿಷ್ ಸಾಕಷ್ಟು ಬರಬೇಕು. ಜುಲೈಯಿಂದ ಜೂನ್‌ವರೆಗೆ ಒಂದು ವರ್ಷದ ದುಡಿಮೆ, ಸಂಬಳವಿಲ್ಲ, ಸಣ್ಣ ಭತ್ಯೆ ಮಾತ್ರ. ಮೂವತ್ತು ವರ್ಷ ಚಿಪ್ಪು, ಸಾಫ್ಟ್‌ವೇರು, ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ಕನ್ನಡಿಗರು ಈ ಕಣಿವೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೌಂಟಿಯ ಜೈಲಿನ ಖರ್ಚು, ಆಸ್ಪತ್ರೆಯ ಗುತ್ತಿಗೆ ಓದಲು ಅವರಿಗಿಂತ ತಕ್ಕವರು ಯಾರು? ಅರ್ಜಿ ಕರೆಯುವುದು ಮೇಲುಸ್ತುವಾರಿ ಹೊತ್ತಿರುವ ಕೌಂಟಿಯ ಸುಪೀರಿಯರ್ ಕೋರ್ಟು. ಜುಲೈಗೆ ಹೊಸ ತಂಡ ಕೂರುವುದರಿಂದ ಅರ್ಜಿ ಹಾಕಬೇಕಾದದ್ದು ಅದಕ್ಕೆ ಕೆಲವು ತಿಂಗಳು ಮುಂಚೆಯೇ.